ದೋಸೆ ಭಟ್ಟರ ಐದು ರೂಪಾಯಿ

ಅಟ್ಟ ಅನ್ನೋದು ಊರ ಮನೆಯಲ್ಲಿ ಇರ್ತದೆ. ಪುಣೆಯ ಫ್ಲ್ಯಾಟಿನಲ್ಲಿ ಇರೋದು ಲಾಫ್ಟ್. ಬಚ್ಚಲುಮನೆಯ ಮೇಲೆ ಮೂರಡಿ ಎತ್ತರದ ಒಂದು ಗೂಡು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಆಗಿ ಕೋಥರೂಡಿನ ನಮ್ಮ ಸೊಸೈಟಿಯ ಗೇಟಿಗೆ ಬೀಗ ಬಿದ್ದಾಗ ನಮ್ಮ ಮನೆಯವರಿಗೆ ಆ ಗೂಡಿನ ನೆನಪಾಯಿತು. “ರಿಟೈರ್ ಆಗಿ ಎರಡು ವರ್ಷ ಆತು, ಇನ್ನೂ ಹಳೇ ಕಾಗದ ಇಟಗೊಂಡು ಕುಂತೀರಿ. ಯಾವುದು ಬೇಕು, ಯಾವುದು ಬ್ಯಾಡ ನೋಡ್ರಿ. ಉಳಿದದ್ದು ರದ್ದಿಗೆ ಹಾಕೋಣು” ಅಂದರು. ನಾನು ಸ್ಟೂಲು ಹತ್ತಿದೆ.

ಟ್ರಂಕಿನ ತಳದಲ್ಲಿ ಸಿಕ್ಕಿದ್ದು ಒಂದು ಕಟ್ಟು ಕಂಪ್ಯೂಟರ್ ಕಾಗದ. ಎರಡೂ ಅಂಚಿಗೆ ತೂತು ತೂತಾಗಿ, ಮಡಿಕೆ ಮಡಿಕೆಯಾಗಿ ಬರುತ್ತಿತ್ತಲ್ಲ, ಅದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಶಾಯಿ ಮಸುಕಾಗಿತ್ತು, ಆದರೆ ಓದಬಹುದಿತ್ತು. ಅದರ ಜತೆ ಐದೂಕಾಲು ಇಂಚಿನ ಒಂದು ಫ್ಲಾಪಿ. ಅದಕ್ಕೆ ಬೂಸ್ಟು ಹಿಡಿದಿತ್ತು. ಹಿಡಿಯದೇ ಇದ್ದಿದ್ದರೂ ಅದನ್ನು ಹಾಕಲು ಈಗ ಯಾರ ಮನೆಯಲ್ಲಿ ಯಂತ್ರ ಇದೆ? ಕಾಗದದಲ್ಲಿ ಇದ್ದದ್ದು ನಾನೇ 1990ರಲ್ಲಿ ಬರೆದ ಒಂದು ಪ್ರೋಗ್ರಾಮು, ಮತ್ತು ಅದು ಮುದ್ರಿಸಿಕೊಟ್ಟ 41 ಜನರ ಬಡ್ಡಿಯ ಪಟ್ಟಿ. ನಮ್ಮ ಡೊಂಬಿವಲಿಯ ಉಳಿತಾಯ ಕೂಟದ್ದು.

ಅದರ ಕತೆ ಸ್ವಲ್ಪ ಹೇಳಬೇಕು. ನಾನು ಹಾವೇರಿ ಕಡೆಯವನು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದೆ. 1988ರಲ್ಲಿ ಮುಂಬಯಿಯ ಫೋರ್ಟ್ ಶಾಖೆಗೆ ವರ್ಗವಾಯಿತು. ಫೋರ್ಟಿನಲ್ಲಿ ಕೆಲಸ ಅಂದರೆ ಫೋರ್ಟಿನಲ್ಲಿ ಮನೆ ಅಂತಲ್ಲವಲ್ಲ. ನಮ್ಮ ಸಂಬಳಕ್ಕೆ ಒಗ್ಗಿದ್ದು ಡೊಂಬಿವಲಿ, ಅಲ್ಲಿಂದ ವಿ.ಟಿ.ಗೆ ದಿನಾ ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ಹೋಗೋದು, ಬರೋದು. ಧಾರವಾಡದಲ್ಲಿ ಎರಡು ವರ್ಷ ಇದ್ದರೂ ಮರಾಠಿ ನನ್ನ ಕಿವಿಗೆ ಬಿದ್ದಿತ್ತೇ ಹೊರತು ನಾಲಿಗೆಗೆ ಬಂದಿರಲಿಲ್ಲ. ಮನೆ ಹುಡುಕಿಕೊಟ್ಟವರು, ಮಾಲೀಕನ ಹತ್ತಿರ ನಮ್ಮ ಪರವಾಗಿ ಮಾತಾಡಿದವರು, ರೇಷನ್ ಕಾರ್ಡಿನ ಆಫೀಸಿಗೆ ಎರಡು ಸಲ ನನ್ನ ಜತೆ ಬಂದವರು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದ ಭಟ್ಟರು. ಕುಂದಾಪುರದಿಂದಾಚೆ ಬೈಂದೂರು ಕಡೆಯವರು. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ದೋಸೆ ಭಟ್ಟರು ಅಂತಲೇ.

ಭಟ್ಟರ ದುಭಾಷಿಗಿರಿಯ ಗಮ್ಮತ್ತು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, ಮರಾಠಿ ಬಂದ ಮೇಲೆ. ಮನೆ ಮಾಲೀಕ ಅವತ್ತು ಎರಡು ನಿಮಿಷ ಏರುದನಿಯಲ್ಲಿ ಮಾತಾಡಿದ್ದ. ಭಟ್ಟರು ನನ್ನ ಕಡೆ ತಿರುಗಿ, “ಬಾಡಿಗೆ ಐದನೇ ತಾರೀಕಿನೊಳಗೆ ಕೊಡಬೇಕಂತೆ ಸಾರ್, ಒಳ್ಳೇ ಜನ” ಅಂದಿದ್ದರು. ಮಾಲೀಕ ನಿಜಕ್ಕೂ ಹೇಳಿದ್ದು, ಬ್ಯಾಂಕಿನವರು ಎರಡು ವರ್ಷಕ್ಕೆ ವರ್ಗವಾಗಿ ಹೋಗ್ತಾರೆ, ಗೋಡೆಗೆ ಮೊಳೆ ಹೊಡೆದು ಹಾಳು ಮಾಡ್ತಾರೆ, ಭಾಷೆಯೂ ಬರೋದಿಲ್ಲ, ಇಂಥವರನ್ನು ಯಾಕೆ ಕರಕೊಂಡು ಬಂದೆ ಅಂತ. ಆಮೇಲೆ ಮಾಲೀಕನೇ ನಗ್ತಾ ಹೇಳಿದ. ಭಟ್ಟರು ಅವನಿಗೂ ನನ್ನ ಮಾತನ್ನು ಹೀಗೇ ಒಗ್ಗರಣೆ ಹಾಕಿ ಬಡಿಸಿದ್ದಿರಬೇಕು.

ನಮ್ಮ ಓಣಿಯ ಕನ್ನಡಿಗರು, ಅಂದರೆ ಹೋಟೆಲಿನ ಕೆಲಸದವರು, ನಾಲ್ಕಾರು ಗುಮಾಸ್ತರು, ಒಬ್ಬ ಕಂಪೌಂಡರ್, ಇಬ್ಬರು ಟೈಲರ್‌ಗಳು ಸೇರಿ ತಿಂಗಳಿಗೆ ಇಷ್ಟಿಷ್ಟು ಅಂತ ಹಣ ಕೂಡಿಸುತ್ತಿದ್ದರು. ಅದನ್ನು ಠೇವಣಿ ಇಟ್ಟು, ಬಂದ ಬಡ್ಡಿಯನ್ನು ವರ್ಷಕ್ಕೆ ನೂರಕ್ಕೆ ಒಂಬತ್ತರಂತೆ ಹಂಚುವುದು. ನಮ್ಮ ಕರಾವಳಿಯವರಿಗೆ ಇದು ಹೊಸದೇನಲ್ಲ. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿ 1928ರಷ್ಟು ಹಿಂದೆಯೇ ದಿನಕ್ಕೆ ಎರಡಾಣೆ ಸಂಗ್ರಹದಿಂದ ಶುರುವಾದದ್ದು; ಆ ಊರಿನ ಜನಕ್ಕೆ ಚಿಲ್ಲರೆಯ ಬೆಲೆ ಗೊತ್ತು. ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸಂಬಳವಿಲ್ಲದ ಕೆಲಸ, ಆದರೆ ಮರ್ಯಾದೆ ಇತ್ತು. ಭಾನುವಾರ ಹೋದರೆ ಕಾಫಿ ಬಿಟ್ಟಿ.

ಆಗ ಬ್ಯಾಂಕುಗಳಿಗೆ ಕಂಪ್ಯೂಟರ್ ಇನ್ನೂ ಹೊಸ ಸೊಸೆ. ರಂಗರಾಜನ್ ಸಮಿತಿಯ 1984ರ ವರದಿಯ ಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬರತೊಡಗಿದ್ದವು. ಯೂನಿಯನ್ನಿನವರು ಒಂದು ಕಡೆ ಘೋಷಣೆ ಕೂಗುತ್ತಿದ್ದರೆ, ನಾವು ಕೆಲವರು ಇನ್ನೊಂದು ಕಡೆ ಕದ್ದು ಕಲಿಯುತ್ತಿದ್ದೆವು. ಡೊಂಬಿವಲಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಇತ್ತು. ಅದರ ಮಾಲೀಕನ ಓವರ್‌ಡ್ರಾಫ್ಟಿನ ಕಾಗದಪತ್ರ ಸರಿಮಾಡಿಕೊಟ್ಟ ಪರಿಚಯಕ್ಕೆ ರಾತ್ರಿ ಎಂಟರ ಮೇಲೆ ಒಂದು ಗಂಟೆ ಕೂರಲು ಬಿಡುತ್ತಿದ್ದ. ಅಲ್ಲಿ ಕಲಿತದ್ದು ಜಿಡಬ್ಲ್ಯೂ ಬೇಸಿಕ್. ಬೇಸಿಕ್ ಅನ್ನೋ ಭಾಷೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ವಿಜ್ಞಾನ ಓದದ ಹುಡುಗರಿಗೂ ಕಂಪ್ಯೂಟರ್ ಬಳಸಲು ಬರಲಿ ಅಂತ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರುಗಳು ಮಾಡಿದ್ದು. ಮೈಕ್ರೋಸಾಫ್ಟಿನ ಜಿಡಬ್ಲ್ಯೂ ಬೇಸಿಕ್ ಡಾಸ್ ಜತೆಗೇ ಬರುತ್ತಿತ್ತು. ಎಂ.ಕಾಂ. ಓದಿದವನಿಗೂ ಒಲಿಯಿತು.

ಇನ್ನು ಲಾಕ್‌ಡೌನಿಗೆ ಬರೋಣ. ಆ ಕಾಗದದ ಕಟ್ಟು ರದ್ದಿಗೆ ಹೋಗಲಿಲ್ಲ. ಈ ಪ್ರೋಗ್ರಾಮನ್ನು ಮತ್ತೆ ಒಂದು ಸಲ ಓಡಿಸಿ ನೋಡಬೇಕು ಅನ್ನೋ ಆಸೆ ಹುಟ್ಟಿತು. ಮಗ ಸಾಫ್ಟ್‌ವೇರಿನವನು, ಮನೆಯಿಂದಲೇ ಕೆಲಸ. ಅವನು, “ಅಪ್ಪಾ, ಹಳೇ ಡಾಸ್ ಹಂಗ ನಡಿಯೋ ಸಾಫ್ಟ್‌ವೇರ್ ಪುಕ್ಕಟ ಸಿಗ್ತಾವ, ಹಾಕಿ ಕೊಡ್ಲೇನು?” ಅಂದ. ನಾನು ಬೇಡ ಅಂದೆ. ಭಾಷೆಯನ್ನು ಅರ್ಥಮಾಡಿಕೊಳ್ಳುವ ಯಂತ್ರವನ್ನೇ ನಾನು ಬರೀತೀನಿ ಅಂದೆ. ಅವನು ನಕ್ಕ. ಆದರೂ ಪೈಥಾನ್ ಹಾಕಿಕೊಟ್ಟು, ನಾಲ್ಕು ದಿನ ಕಲಿಸಿದ.

ಓದುಗರಿಗೆ ಇಂಟರ್‌ಪ್ರಿಟರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಅದು ದುಭಾಷಿ. ಪ್ರೋಗ್ರಾಮಿನ ಒಂದೊಂದೇ ಸಾಲನ್ನು ಓದಿ, ಅದರ ಅರ್ಥ ತಿಳಿದು, ಆಗಿಂದಾಗಲೇ ಕಂಪ್ಯೂಟರಿನಿಂದ ಕೆಲಸ ಮಾಡಿಸುತ್ತದೆ. ಮೊದಲು ಸಾಲನ್ನು ಪದಪದವಾಗಿ ಬಿಡಿಸಬೇಕು. ಇದು ಅಂಕಿ, ಇದು ಹೆಸರು, ಇದು ಆಜ್ಞೆ ಅಂತ. ಆಮೇಲೆ ವಾಕ್ಯದ ರಚನೆ ನೋಡಬೇಕು. ಗುಣಾಕಾರ ಮೊದಲೋ ಕೂಡುವುದು ಮೊದಲೋ ಅಂತ. ಆಮೇಲೆ ನಡೆಸಬೇಕು. ಬೇಸಿಕ್‌ನಲ್ಲಿ ಪ್ರತಿ ಸಾಲಿಗೂ ನಂಬರು. ‘ಗೋಟು 200’ ಅಂದರೆ 200ನೇ ಸಾಲಿಗೆ ಜಿಗಿಯಬೇಕು. ‘ಗೋಸಬ್’ ಅಂದರೆ ಹೋಗಿ ಕೆಲಸ ಮುಗಿಸಿ ಹೊರಟ ಜಾಗಕ್ಕೇ ವಾಪಸು ಬರಬೇಕು. ಹಾಗಾಗಿ ಹೊರಟ ಸಾಲನ್ನು ಬರೆದಿಟ್ಟುಕೊಳ್ಳಬೇಕು, ಡೆಸ್ಪ್ಯಾಚಿಗೆ ಕೊಟ್ಟ ಫೈಲಿಗೆ ನಾವು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದ ಹಾಗೆ. ಇಷ್ಟಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಮಗನಿಗಾದರೆ ಎರಡು ದಿನ. ಇರಲಿ.

ಜೂನ್ ಹೊತ್ತಿಗೆ ನನ್ನ ದುಭಾಷಿ ಮಾತಾಡತೊಡಗಿತು. ಸಮಸ್ಯೆ ಶುರುವಾದದ್ದೂ ಅಲ್ಲಿಂದಲೇ. ಭಾಷೆಯ ಪುಸ್ತಕದಲ್ಲಿ ಬರೆದದ್ದನ್ನು ಮಾಡಿಸೋದು ಸುಲಭ. ಪುಸ್ತಕದಲ್ಲಿ ಬರೆಯದೆ, ಮೂಲ ಯಂತ್ರ ಸುಮ್ಮನೆ ಮಾಡುತ್ತಿದ್ದ ನೂರು ಚಾಳಿಗಳಿರುತ್ತವಲ್ಲ, ಅವನ್ನು ಹಿಡಿಯೋದೇ ಕಷ್ಟ. ಹಳೆಯ ಪ್ರೋಗ್ರಾಮುಗಳು ಆ ಚಾಳಿಗಳನ್ನು ನಂಬಿಕೊಂಡೇ ನಿಂತಿರುತ್ತವೆ. ಈ ಹೊಂದಾಣಿಕೆಗೆ ಅವರ ಭಾಷೆಯಲ್ಲಿ ಕಂಪ್ಯಾಟಿಬಿಲಿಟಿ ಅನ್ನುತ್ತಾರೆ.

ಕೆಲವನ್ನು ಹೇಳುತ್ತೇನೆ. ಜಿಡಬ್ಲ್ಯೂ ಬೇಸಿಕ್ 5 ಅಂತ ಮುದ್ರಿಸುವಾಗ ಮುಂದೊಂದು ಜಾಗ ಬಿಡುತ್ತದೆ, ಮೈನಸ್ ಚಿಹ್ನೆಗಾಗಿ ಕಾದಿರಿಸಿದ್ದು. ಹಿಂದೆಯೂ ಒಂದು ಬಿಡುತ್ತದೆ. ನಾನು ಬಿಟ್ಟಿರಲಿಲ್ಲ, ಪಟ್ಟಿಯ ಸಾಲುಗಳೆಲ್ಲ ಸೊಟ್ಟ ಬಂದವು. ‘ನಿಜ’ ಅನ್ನುವುದಕ್ಕೆ ಪೈಥಾನಿನಲ್ಲಿ ಬೆಲೆ 1, ಬೇಸಿಕ್‌ನಲ್ಲಿ ಮೈನಸ್ 1. ಅದನ್ನು ಬಳಸಿಕೊಂಡು ನಾನು 1990ರಲ್ಲಿ ಒಂದು ಜಾಣತನದ ಸಾಲು ಬರೆದಿದ್ದೆ. ಈಗ ಅದು ಸದಸ್ಯರ ಸಂಖ್ಯೆಯನ್ನು ಮೈನಸ್ 41 ಅಂತ ತೋರಿಸಿತು. ಸೊನ್ನೆಯಿಂದ ಭಾಗಿಸಿದರೆ ಪೈಥಾನ್ ರಂಪ ಮಾಡಿ ನಿಂತೇ ಬಿಡುತ್ತದೆ. ಹಳೆಯ ಬೇಸಿಕ್ ಒಂದು ಎಚ್ಚರಿಕೆ ಮುದ್ರಿಸಿ, ಒಂದು ಭಾರೀ ಅಂಕಿಯನ್ನು ಉತ್ತರ ಅಂತ ಇಟ್ಟುಕೊಂಡು, ಏನೂ ಆಗಿಲ್ಲ ಅನ್ನೋ ಹಾಗೆ ಮುಂದೆ ಹೋಗುತ್ತದೆ. ನಮ್ಮಲ್ಲಿ ಅಂಥ ಮ್ಯಾನೇಜರುಗಳೂ ಇದ್ದರು.

ಎಲ್ಲಕ್ಕಿಂತ ನಗು ಬಂದದ್ದು ಎರಡೂವರೆಯನ್ನು ಪೂರ್ಣಾಂಕಕ್ಕೆ ತರುವ ವಿಷಯಕ್ಕೆ. ಬೇಸಿಕ್ 3 ಅನ್ನುತ್ತದೆ. ಈಗಿನ ಪೈಥಾನ್ 2 ಅನ್ನುತ್ತದೆ! ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗಬೇಕಂತೆ. ಈ ಪದ್ಧತಿಗೆ ಅವರಿಟ್ಟ ಹೆಸರು ‘ಬ್ಯಾಂಕರ್ಸ್ ರೌಂಡಿಂಗ್’. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸವೆದ ನಾನು ಐವತ್ತು ಪೈಸೆಗೆ ರೂಪಾಯಿ ಮಾಡಿದವನೇ ಹೊರತು ಸಮಸಂಖ್ಯೆ ಹುಡುಕಿಕೊಂಡು ಹೋದವನಲ್ಲ.

ಪರನಾಡಿನಲ್ಲಿ ಇರುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ. ಹೊಸದರಲ್ಲಿ ಬ್ಯಾಂಕಿನ ಹಿಂದಿ ಕಾಗದದಲ್ಲಿ ‘ಅನುಮಾನ’ ಅನ್ನೋ ಪದ ನೋಡಿ, ಯಾರ ಮೇಲೆ ಸಂಶಯವಪ್ಪಾ ಅಂತ ನಾನು ಗಾಬರಿಯಾಗಿದ್ದೆ. ಅವರಿಗೆ ಅದು ಅಂದಾಜು. ‘ಉಪನ್ಯಾಸ’ ಅಂದರೆ ಅವರಿಗೆ ಕಾದಂಬರಿ. ಪದ ಅದೇ, ಅಕ್ಷರ ಅದೇ, ಓದುವವನ ತಲೆಯೊಳಗಿನದು ಬೇರೆ.

ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದರೆ ಮಗ, “ನಮ್ಮ ಆಫೀಸಿನಾಗೂ ಇದ ಗೋಳು” ಅಂದ. ಪೈಥಾನಿಗೂ ಬದಲಿ ಇಂಟರ್‌ಪ್ರಿಟರುಗಳಿವೆಯಂತೆ. ಪೈಪೈ ಅಂತ ಒಂದು, 2003ರಲ್ಲಿ ಯುರೋಪಿನಲ್ಲಿ ಕೆಲವರು ಸೇರಿ ಶುರುಮಾಡಿದ್ದು, ಪೈಥಾನನ್ನು ಪೈಥಾನಿನದೇ ಒಂದು ಕತ್ತರಿಸಿದ ರೂಪದಲ್ಲಿ ಬರೆದದ್ದು. ಎಷ್ಟೋ ಕೆಲಸಗಳಲ್ಲಿ ಮೂಲಕ್ಕಿಂತ ಬಹಳ ಚುರುಕು. ಆದರೆ ಮೂಲದಲ್ಲಿ ಒಂದು ಫೈಲನ್ನು ಮುಚ್ಚದೆ ಕೈಬಿಟ್ಟರೆ, ಅದನ್ನು ಹಿಡಿದವರು ಯಾರೂ ಇಲ್ಲ ಅಂತ ಆದ ತಕ್ಷಣ ತಾನೇ ಮುಚ್ಚಿಕೊಳ್ಳುತ್ತದೆ. ಪೈಪೈ ಕಸ ಗುಡಿಸುವ ಹೊತ್ತು ಬರುವತನಕ ಮುಚ್ಚುವುದಿಲ್ಲ. ತಕ್ಷಣ ಮುಚ್ಚುತ್ತೇನೆ ಅಂತ ಭಾಷೆಯ ಕೈಪಿಡಿ ಯಾರಿಗೂ ಮಾತು ಕೊಟ್ಟಿಲ್ಲ. ಆದರೂ ಜನ ಅದನ್ನೇ ನಂಬಿ ಬರೆದಿದ್ದಾರೆ. ಸಿ ಭಾಷೆಯಲ್ಲಿ ಬರೆದು ಮೂಲ ಪೈಥಾನಿಗೆ ಅಂಟಿಸಿದ ಗ್ರಂಥಾಲಯಗಳಿವೆಯಲ್ಲ, ಅವು ಬದಲಿಯಲ್ಲಿ ನಡೆಯುವ ಹಾಗೆ ಮಾಡುವುದು ಇನ್ನೂ ದೊಡ್ಡ ತಲೆನೋವು. ಬೇರೆ ರೀತಿಯೂ ಆದದ್ದುಂಟಂತೆ. ಪಟ್ಟಿಯಲ್ಲಿ ಹಾಕಿದ ಹೆಸರುಗಳು ಹಾಕಿದ ಕ್ರಮದಲ್ಲೇ ಉಳಿಯೋದು ಪೈಪೈಯಲ್ಲಿ ಮೊದಲು ಬಂತು, 2015ರಲ್ಲಿ. ಮರುವರ್ಷ ಮೂಲ ಪೈಥಾನೂ ಹಾಗೇ ಮಾಡಿತು. 2018ರಿಂದ ಅದು ಭಾಷೆಯ ನಿಯಮವೇ ಆಯಿತು. ಸೊಸೆ ಮಾಡಿದ ಸಾರನ್ನು ಅತ್ತೆ ಕಲಿತ ಹಾಗೆ ಅಂದೆ. ನಮ್ಮ ಮನೆಯವರು ನನ್ನ ಕಡೆ ನೋಡಿದರು. ಮಾತು ಅಲ್ಲಿಗೇ ನಿಂತಿತು.

ಆಗಸ್ಟಿನಲ್ಲಿ ಉಳಿತಾಯ ಕೂಟದ ಪ್ರೋಗ್ರಾಮನ್ನು ಸಾಲು ಸಾಲಾಗಿ ಟೈಪು ಮಾಡಿದೆ. ಬೇಸಿಕ್‌ನಲ್ಲಿ ಅಂಕಿಅಂಶಗಳನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ‘ಡೇಟಾ’ ಸಾಲುಗಳಲ್ಲಿ ಇಡಬಹುದಿತ್ತು. ಹಾಗಾಗಿ 41 ಜನರ 1990ರ ತಿಂಗಳ ತಿಂಗಳ ಶಿಲ್ಕುಗಳೂ ಅಲ್ಲೇ ಇದ್ದವು. ಓಡಿಸಿದೆ. ಓಡಿತು! ಮಸುಕಾದ ಕಾಗದವನ್ನು ಪಕ್ಕಕ್ಕಿಟ್ಟುಕೊಂಡು ಟಿಕ್ಕು ಹಾಕಲು ಕೂತೆ. ಎರಡನೇ ಹೆಸರಿನಿಂದಲೇ ತಾಳೆ ಇಲ್ಲ. ಕಾಗದದಲ್ಲಿ ಎಲ್ಲರ ಬಡ್ಡಿಯೂ ಪೂರ್ಣ ರೂಪಾಯಿ. ನನ್ನದರಲ್ಲಿ ಎಲ್ಲರಿಗೂ ಪೈಸೆ. ಬರೀ ಪೈಸೆಯಾದರೆ ಕೊನೆಗೆ ರೂಪಾಯಿಗೆ ಸರಿಮಾಡಿದ್ದೆ ಅಂದುಕೊಳ್ಳಬಹುದಿತ್ತು. ಕೆಲವರಿಗೆ ಎರಡು, ಮೂರು, ಐದು ರೂಪಾಯಿಯ ವ್ಯತ್ಯಾಸ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ.

ನನ್ನ ದುಭಾಷಿಯೇ ತಪ್ಪು ಓದುತ್ತಿದೆ ಅಂತ ಒಂದು ಕ್ಷಣವೂ ಸಂಶಯವಿಲ್ಲದೆ ನಂಬಿದೆ. ಬ್ಯಾಂಕಿನಲ್ಲಿ ಇಂಥ ದಿನಗಳನ್ನು ನೋಡಿದ್ದೆನಲ್ಲ. 2005ರ ಸುಮಾರಿಗೆ ಶಾಖೆಗಳನ್ನು ಕೋರ್ ಬ್ಯಾಂಕಿಂಗಿಗೆ ತರುವಾಗ ಹಳೆಯ ಸಾಫ್ಟ್‌ವೇರು ಮತ್ತು ಹೊಸದು ಎರಡನ್ನೂ ಜೋಡೆತ್ತಿನ ಹಾಗೆ ಓಡಿಸಿ, ರಾತ್ರಿ ಹನ್ನೊಂದರತನಕ ಎರಡರ ಪಟ್ಟಿಯನ್ನೂ ತಾಳೆ ನೋಡುತ್ತಿದ್ದೆವು. ಆಗ ಉಳಿತಾಯ ಖಾತೆಗೆ ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದ ನಡುವಿನ ಕನಿಷ್ಠ ಶಿಲ್ಕಿನ ಮೇಲೆ ಬಡ್ಡಿ. ದಿನದಿನದ ಶಿಲ್ಕಿನ ಮೇಲೆ ಕೊಡುವ ಪದ್ಧತಿ ಬಂದದ್ದು 2010ರ ಏಪ್ರಿಲ್ 1ರಿಂದ. ವ್ಯತ್ಯಾಸ ಬಂದರೆ ನಮ್ಮ ಮೊದಲ ಮಾತು ಒಂದೇ: ಹಳೆಯದು ಹೇಗಿದೆಯೋ ಹಾಗೆ ಹೊಸದು ಬರಬೇಕು. ಗ್ರಾಹಕನ ಪಾಸ್‌ಬುಕ್ಕಿನಲ್ಲಿ ಬರೆದಾಗಿದೆ, ಅದೇ ಪ್ರಮಾಣ. ಹಳೆಯದೇ ತಪ್ಪಿರಬಹುದು ಅಂತ ಯಾರಾದರೂ ಅಂದರೆ ಉಳಿದವರಿಗೆ ಸಿಟ್ಟು ಬರುತ್ತಿತ್ತು, ಅಷ್ಟು ಹೊತ್ತಿನಲ್ಲಿ ಅದನ್ನು ಯಾರು ಹುಡುಕುತ್ತಾರೆ?

ಮೂರು ವಾರ ಹುಡುಕಿದೆ. ಭಾಗಾಕಾರ ನೋಡಿದೆ, ರೌಂಡಿಂಗ್ ನೋಡಿದೆ. ಜಿಡಬ್ಲ್ಯೂ ಬೇಸಿಕ್ ದಶಾಂಶದ ಅಂಕಿಗಳನ್ನು ಮೈಕ್ರೋಸಾಫ್ಟಿನದೇ ಒಂದು ಹಳೆಯ ಮಾದರಿಯಲ್ಲಿ ಇಡುತ್ತಿತ್ತು, ಸಾಮಾನ್ಯ ಲೆಕ್ಕಕ್ಕೆ ಏಳು ಅಂಕಿಯಷ್ಟೇ ನಂಬಿಕೆ, ಅದನ್ನೂ ಅನುಕರಿಸಿದೆ. ಏನೂ ಪ್ರಯೋಜನ ಇಲ್ಲ. ಆ ವರ್ಷದ ಮೇ ತಿಂಗಳಲ್ಲೇ ಮೈಕ್ರೋಸಾಫ್ಟಿನವರು ಜಿಡಬ್ಲ್ಯೂ ಬೇಸಿಕ್‌ನ 1983ರ ಮೂಲವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ತೆರೆದು ನೋಡಿದರೆ 8088 ಚಿಪ್ಪಿನ ಅಸೆಂಬ್ಲಿ ಭಾಷೆ. ಮೋಡಿ ಲಿಪಿಯ ಕಡತ ಇದ್ದ ಹಾಗಿತ್ತು, ಮುಚ್ಚಿದೆ. ಕಡೆಗೆ ಮಗ, “ಇದರಾಗ ಹಾಕಿ ನೋಡ್ರಿ” ಅಂತ ಪಿಸಿ-ಬೇಸಿಕ್ ಅನ್ನೋದನ್ನು ತಂದುಕೊಟ್ಟ. ಅದೂ ಪೈಥಾನಿನಲ್ಲೇ ಬರೆದದ್ದು. ಹಳೆಯ ಜಿಡಬ್ಲ್ಯೂ ಬೇಸಿಕ್ ಹೇಗೆ ನಡೆಯುತ್ತಿತ್ತೋ ಹಾಗೇ ನಡೆಯಬೇಕು ಅನ್ನೋದೇ ಅದರ ಗುರಿ. ನನ್ನ ಪ್ರೋಗ್ರಾಮು ಹಾಕಿದೆ. 41 ಹೆಸರು, 41 ಮೊತ್ತ, ಮಸುಕಾದ ಕಾಗದದಲ್ಲಿ ಇದ್ದಂತೆಯೇ, ಒಂದು ಪೈಸೆ ಆಚೀಚೆ ಇಲ್ಲ.

ಪ್ರತಿ ತಿಂಗಳ ಬಡ್ಡಿಯನ್ನು ಮುದ್ರಿಸಲು ನಡುವೆ ಒಂದು ಸಾಲು ಸೇರಿಸಿ ಅದನ್ನು ಮತ್ತೆ ಓಡಿಸಿದೆ. ಒಂದು ಹೆಸರಿಗೆ ಹೀಗೆ ಬಂತು: ಮೂರು, ಮೂರು, ಮೂರು, ಮೂರು, ಮೂರು, ಆಮೇಲೆ ಏಳು ಸಲ ನಾಲ್ಕು. ಪೈಸೆ ಎಲ್ಲಿ ಹೋಯಿತು? ಪ್ರೋಗ್ರಾಮಿನ ಮೊದಲ ಸಾಲಿಗೆ ಹೋಗಿ ನೋಡಿದೆ. ಹತ್ತನೇ ನಂಬರಿನ ಸಾಲು: ‘ಡೆಫ್‌ಇಂಟ್ ಐ-ಎನ್’.

ಐ ಅಕ್ಷರದಿಂದ ಎನ್ ಅಕ್ಷರದವರೆಗೆ ಯಾವುದರಿಂದ ಶುರುವಾಗುವ ಹೆಸರೇ ಆಗಲಿ, ಅದರಲ್ಲಿ ಪೂರ್ಣಾಂಕ ಮಾತ್ರ ಇಡು ಅಂತ ಅದರ ಅರ್ಥ. ಆಗ ಅದೊಂದು ರೂಢಿ. ಎಣಿಕೆಗೆ ಬಳಸುವ ಐ, ಜೆ, ಕೆಗಳು ಪೂರ್ಣಾಂಕವಾದರೆ ನಾಲ್ಕು ಬೈಟಿನ ಬದಲು ಎರಡೇ ಬೈಟು, ಓಟವೂ ಚುರುಕು. ನಾನೂ ಯಾವುದೋ ಪುಸ್ತಕ ನೋಡಿ ಬರೆದಿದ್ದೆ. ತಿಂಗಳ ಬಡ್ಡಿಗೆ ನಾನು ಇಟ್ಟ ಹೆಸರು ‘ಐಎಂ’. ಇಂಟರೆಸ್ಟ್, ಮಂತ್ಲಿ. ಅದೂ ಐ ಅಕ್ಷರದ್ದೇ ಅಲ್ಲವೇ? ಹಾಗಾಗಿ ಬೇಸಿಕ್ ತಿಂಗಳು ತಿಂಗಳೂ ಬಡ್ಡಿಯನ್ನು ರೂಪಾಯಿಗೆ ಸರಿಮಾಡಿ, ಪೈಸೆಯನ್ನು ಸದ್ದಿಲ್ಲದೆ ಎಸೆಯುತ್ತ ಬಂದಿತ್ತು. ನನ್ನ ದುಭಾಷಿಗೆ ಡೆಫ್‌ಇಂಟ್ ಗೊತ್ತಿರಲಿಲ್ಲ. ಪರದೆಯ ಬಣ್ಣ ಬದಲಿಸುವಂಥ ಕೆಲಸಕ್ಕೆ ಬಾರದ ಆಜ್ಞೆಗಳನ್ನು ಹಾರಿಸಿ ಮುಂದೆ ಹೋಗು ಅಂತ ಬರೆದ ಪಟ್ಟಿಯಲ್ಲಿ, ಇದೂ ಅಂಥದ್ದೇ ಏನೋ ಅಂತ, ಅದನ್ನೂ ಸೇರಿಸಿದ್ದೆ.

ಡೆಫ್‌ಇಂಟ್ ಕಲಿಸಿಕೊಟ್ಟೆ. ಓಡಿಸಿದೆ. ತಾಳೆಯಾಯಿತು! ರಾತ್ರಿ ಹತ್ತು ಗಂಟೆ, ಮಲಗಿದ್ದ ಮನೆಯವರನ್ನು ಎಬ್ಬಿಸಿ ಹೇಳಿದೆ. “ಭಾಳ ಚಲೋ ಆತು, ದೀಪ ಆರಿಸ್ರಿ” ಅಂದರು.

ದೀಪ ಆರಿಸಿ ಮಲಗಿದ ಮೇಲೆ ಆ ಮೂರು ಮೂರು ನಾಲ್ಕು ನಾಲ್ಕು ತಲೆಯೊಳಗೆ ತಿರುಗತೊಡಗಿತು. ಆ ಹೆಸರು ದೋಸೆ ಭಟ್ಟರದು.

ಎದ್ದು ಬಂದು, ಕಂಪ್ಯೂಟರ್ ಹಚ್ಚದೆ, ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ. ಜನವರಿಯಿಂದ ಮೇವರೆಗೆ ಭಟ್ಟರ ಶಿಲ್ಕು 460 ರೂಪಾಯಿ. ತಿಂಗಳಿಗೆ ನೂರಕ್ಕೆ 75 ಪೈಸೆಯಂತೆ 3 ರೂಪಾಯಿ 45 ಪೈಸೆ. ಐದು ತಿಂಗಳಿಗೆ 17.25. ಜೂನ್‌ನಿಂದ ಡಿಸೆಂಬರ್‌ವರೆಗೆ ಶಿಲ್ಕು 592. ತಿಂಗಳಿಗೆ 4.44, ಏಳು ತಿಂಗಳಿಗೆ 31.08. ಒಟ್ಟು 48 ರೂಪಾಯಿ 33 ಪೈಸೆ. ನನ್ನ ಪ್ರೋಗ್ರಾಮು ಕೊಟ್ಟದ್ದು ಮೂರೈದಲ ಹದಿನೈದು, ನಾಲ್ಕೇಳಲ ಇಪ್ಪತ್ತೆಂಟು, ಒಟ್ಟು 43. ಮೂರು ವಾರ ನಾನು ತಿದ್ದುತ್ತಿದ್ದದ್ದು ಸರಿಯಿದ್ದ ಉತ್ತರವನ್ನು.

1991ರ ಜನವರಿಯ ಒಂದು ಭಾನುವಾರ, ಹೋಟೆಲಿನ ಮೇಲಿನ ಕೋಣೆಯಲ್ಲಿ ನಮ್ಮ ಕೂಟ ಸೇರಿತ್ತು. ಕಂಪ್ಯೂಟರಿನಲ್ಲಿ ಮುದ್ರಿಸಿದ ಪಟ್ಟಿ ಅಂತ ಎಲ್ಲರಿಗೂ ಸಂಭ್ರಮ. ಕೈಯಿಂದ ಕೈಗೆ ಹೋಗಿ ಅಂಚೆಲ್ಲ ಎಣ್ಣೆಯಾಯಿತು. ಎಲ್ಲರ ಬಡ್ಡಿಯ ಮುಂದೆ ಸೊನ್ನೆ ಸೊನ್ನೆ ಪೈಸೆ ನೋಡಿ ಅಚ್ಚುಕಟ್ಟಾಗಿದೆ ಅಂತ ನಾನೂ ಹೆಮ್ಮೆಪಟ್ಟಿದ್ದೆ. ಬ್ಯಾಂಕಿನಲ್ಲೂ ರೂಪಾಯಿಗೆ ಸರಿಮಾಡುತ್ತಿದ್ದೆವಲ್ಲ, ಕಣ್ಣಿಗೆ ಚುಚ್ಚಲಿಲ್ಲ. ಭಟ್ಟರು ಕೈಯೊರೆಸಿಕೊಳ್ಳುತ್ತ ಬಂದು ಪಟ್ಟಿ ನೋಡಿ, ನನಗೆ ಐದು ರೂಪಾಯಿ ಕಮ್ಮಿ ಬಂದ ಹಾಗಿದೆ ಸಾರ್ ಅಂದರು. ಕೆಲಸದ ನಡುವೆ ಬಾಯಲ್ಲೇ ಲೆಕ್ಕ ಹಾಕಿದ್ದರಂತೆ. ನಾನು ಪರಿಶೀಲಿಸಬೇಕಿತ್ತು. ಎರಡು ನಿಮಿಷದ ಕೆಲಸ. ಬದಲಿಗೆ ಎಲ್ಲರ ಮುಂದೆ, “ಭಟ್ಟರೇ, ದೋಸೆ ಎಣಿಸೋ ಲೆಕ್ಕ ಬೇರೆ, ಬಡ್ಡಿ ಲೆಕ್ಕ ಬೇರೆ. ಇದು ಕಂಪ್ಯೂಟರ್ ಹಾಕಿದ್ದು, ತಪ್ಪೋದಿಲ್ಲ” ಅಂದೆ. ಎಲ್ಲರೂ ನಕ್ಕರು. ಭಟ್ಟರೂ ನಕ್ಕರು ಅಂತ ನನ್ನ ನೆನಪು. ಮುಂದಿನ ತಿಂಗಳು 635 ರೂಪಾಯಿಯನ್ನೂ ತೆಗೆದುಕೊಂಡು ಕೂಟ ಬಿಟ್ಟರು. ಕೆಲವು ದಿನದ ಮೇಲೆ ಕಲ್ಯಾಣದ ಯಾವುದೋ ಹೋಟೆಲಿಗೆ ಹೋದರು ಅಂತ ಕೇಳಿದೆ. ನಾನು ವಿಚಾರಿಸಲಿಲ್ಲ. ಮರುವರ್ಷ ನನಗೆ ನಾಗಪುರಕ್ಕೆ ವರ್ಗವಾಯಿತು.

ಆಗ ಟ್ರಯಲ್ ಬ್ಯಾಲೆನ್ಸ್ ಸರಿ ಬಂದಿತ್ತು. ಬಾರದೇ ಏನು ಮಾಡ್ತದೆ? ಎರಡೂ ಕಡೆಯ ಅಂಕಿ ಅದೇ ಪ್ರೋಗ್ರಾಮಿನದು. ತಿಂಗಳ ಬಡ್ಡಿಯಲ್ಲಿ ಐವತ್ತು ಪೈಸೆಗಿಂತ ಕಡಿಮೆ ಬಾಲ ಇದ್ದವರಿಗೆ ನಷ್ಟ, ಹೆಚ್ಚು ಇದ್ದವರಿಗೆ ಲಾಭ. ಕೂಟದ ಒಟ್ಟು ಮೊತ್ತದಲ್ಲಿ ಹೆಚ್ಚೂಕಮ್ಮಿ ವಜಾ ಆಗಿಬಿಟ್ಟಿತ್ತು.

ಭಟ್ಟರನ್ನು ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಡೊಂಬಿವಲಿಯಲ್ಲಿ ಈಗಲೂ ಇರುವ ಟೈಲರ್ ಒಬ್ಬರ ಮೂಲಕ, ಅವರ ಷಡ್ಡಕನ ಮೂಲಕ ನಂಬರು ಸಿಕ್ಕಿತು. ಊರಲ್ಲೇ ಇದ್ದಾರೆ, ಎಂಬತ್ತರ ಹತ್ತಿರ, ಕಿವಿ ಸ್ವಲ್ಪ ಮಂದ ಅಂದರು. 2021ರ ಜನವರಿಯಲ್ಲಿ ಫೋನು ಮಾಡಿದೆ. ನಾನು ಯಾರು ಅಂತ ಮೂರು ಸಲ ಕೂಗಿ ಹೇಳಬೇಕಾಯಿತು.

“ಓ, ಬ್ಯಾಂಕಿನ ಸಾರ್! ಎಂತ, ಈಗ ಎಲ್ಲಿದ್ದೀರಿ? ಅಮ್ಮ ಹೇಗಿದ್ದಾರೆ?” ನಮ್ಮ ಮನೆಯವರನ್ನು ಅವರು ಆಗಲೂ ಅಮ್ಮ ಅನ್ನುತ್ತಿದ್ದರು.

ವಿಷಯ ಹೇಳಿದೆ. ಡೆಫ್‌ಇಂಟ್, ಐ ಅಕ್ಷರ, ಎಸೆದ ಪೈಸೆ ಎಲ್ಲವನ್ನೂ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಮಧ್ಯೆ ಬಾಯಿ ಹಾಕದೆ ಕೇಳಿದರು. ನಿಮ್ಮ ಲೆಕ್ಕವೇ ಸರಿ ಇತ್ತು ಭಟ್ಟರೇ, ನನ್ನದು ತಪ್ಪು, ಅವತ್ತು ಹಾಗೆ ಅನ್ನಬಾರದಿತ್ತು ಅಂದೆ.

“ನನ್ನ ಲೆಕ್ಕ ಸರಿ ಅಂತ ನಂಗೆ ಆವತ್ತೇ ಗೊತ್ತಿತ್ತಲ್ಲ ಸಾರ್” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಣ ಹೋದ್ರೆ ಹೋಗ್ಲಿ. ಆ ಹುಡುಗ್ರ ಎದುರಿಗೆ ಹೇಳಿದ್ರಿ ನೀವು. ಮತ್ತೆ ಅವ್ರು ನನ್ನ ಮಾತು ಕೇಳ್ಲಿಕ್ಕಿಲ್ಲ ಮಾರಾಯ್ರೆ. ಅದಕ್ಕೇ ಅಲ್ಲಿಂದ ಬಿಟ್ಟದ್ದು” ಅಂದರು.

ನನಗೆ ಏನು ಹೇಳಲೂ ತೋಚಲಿಲ್ಲ. ಅವರೇ ಮುಂದುವರಿಸಿದರು. “ಐದು ರೂಪಾಯಿ ಕಳಿಸ್ತೀರಾದ್ರೆ ಮನಿಯಾರ್ಡರೇ ಮಾಡಿ ಸಾರ್. ಪೋಸ್ಟ್‌ಮ್ಯಾನ್ ಬಂದ್ರೆ ಮಾತಾಡ್ಲಿಕ್ಕೆ ಒಂದು ಜನ ಆಗ್ತದೆ.” ಆಮೇಲೆ ಕೇಳಿದರು: “ಉಳಿದವ್ರದ್ದು ಎಂತ? ಆ ಪಾತ್ರೆ ತೊಳೀತಿದ್ದ ಹುಡುಗ ಇದ್ದ, ಅವಂದೂ ಕಮ್ಮಿ ಬಂದಿತ್ತಾ?”

ಪಟ್ಟಿ ತೆಗೆದು ನೋಡಿ ಹೇಳಿದೆ. ಅವನದು 3 ರೂಪಾಯಿ 60 ಪೈಸೆ ಕಮ್ಮಿ ಬಂದಿತ್ತು.

41 ಜನರಲ್ಲಿ 19 ಜನಕ್ಕೆ ಹೆಚ್ಚು ಹೋಗಿತ್ತು, 5 ಜನಕ್ಕೆ ಸರಿಯಾಗಿ ಹೋಗಿತ್ತು, 17 ಜನಕ್ಕೆ ಕಡಿಮೆ. ಆ 17 ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಇವತ್ತಿನವರೆಗೆ ಭಟ್ಟರೂ ಸೇರಿ ಆರು ಜನ ಸಿಕ್ಕಿದ್ದಾರೆ. ಇಬ್ಬರ ಮಕ್ಕಳು ಸಿಕ್ಕಿದ್ದಾರೆ. ಪಾತ್ರೆ ತೊಳೆಯುತ್ತಿದ್ದ ಹುಡುಗ ಈಗ ಹೈದರಾಬಾದಿನಲ್ಲಿ ಕೇಟರಿಂಗ್ ಮಾಡುತ್ತಾನೆ ಅಂತ ಟೈಲರು ಹೇಳಿದರು, ನಂಬರು ಇನ್ನೂ ಬಂದಿಲ್ಲ.